ಶಬ್ದವನ್ನು ಹಿಂದಿಕ್ಕಿದ ರೆಕ್ಕೆಗಳು

ಬೀದರ ನಗರದ ನೆತ್ತಿಯ ಮೇಲಿನ ಆಕಾಶವು ಮೌನವಾಗಿರುವ ದಿನಗಳು ವಿರಳ. ಚಿದ್ರಿಯ ಕಡೆಯ ವಾಯುಸೇನಾ ನೆಲೆಯಿಂದ ಮೇಲೇರುವ ತರಬೇತಿ ವಿಮಾನಗಳ ಸದ್ದು ಕೋಟೆಯ ಬುರುಜುಗಳನ್ನು ಸವರಿ, ಭಾಲ್ಕಿಯ ತೊಗರಿಯ ಹೊಲಗಳನ್ನು ದಾಟಿ, ಔರಾದಿನ ಬಯಲಿನವರೆಗೂ ಹರಡುತ್ತದೆ. ಆ ಸದ್ದು ಕೇಳಿದೊಡನೆ ಮಕ್ಕಳು ಅಂಗಳಕ್ಕೆ ಓಡುತ್ತಾರೆ. ಬದುವಿನ ಮೇಲೆ ಕುಳಿತ ಹಿರಿಯರು ಹುಬ್ಬಿಗೆ ಕೈಹಚ್ಚಿ ಮೇಲೆ ನೋಡುತ್ತಾರೆ.

ಬಹುಪಾಲು ಜನಕ್ಕೆ ಅದು ಅಲ್ಲಿಗೇ ಮುಗಿಯುವ ನೋಟ. ಆದರೆ ಅಲ್ಲಿಗೆ ಮುಗಿಸದ ಕೆಲವರು ನಮ್ಮ ಜಿಲ್ಲೆಯಲ್ಲಿದ್ದಾರೆ. ವಾಯುಸೇನೆಯ ನೆಲದ ಕೆಲಸದಿಂದ ನಿವೃತ್ತರಾಗಿ ಬೀದರಿನಲ್ಲಿಯೇ ನೆಲೆಸಿದವರು, ಭಾಲ್ಕಿಯ ಶಾಲೆಗಳಲ್ಲಿ ವಿಜ್ಞಾನ ಕಲಿಸಿದವರು, ಔರಾದಿನಲ್ಲಿ ಪತ್ರಿಕೆಗಳ ವಿಮಾನಚಿತ್ರಗಳನ್ನು ಕತ್ತರಿಸಿ ಹಳೆಯ ವಹಿಯಲ್ಲಿ ಅಂಟಿಸಿಟ್ಟುಕೊಂಡವರು ಇವರಲ್ಲಿ ಸೇರಿದ್ದಾರೆ. ಇಂಥವರು ಕೂಡಿದರೆ ಮಾತು ತಲೆಯ ಮೇಲಿನ ವಿಮಾನದಿಂದ ಆರಂಭವಾಗಿ, ರಾಕೆಟ್ ಎಂಜಿನ್ ಹೊತ್ತು ಶಬ್ದಕ್ಕಿಂತ ಅನೇಕ ಪಟ್ಟು ವೇಗದಲ್ಲಿ ಹಾರಿದ ಪ್ರಾಯೋಗಿಕ ವಿಮಾನಗಳ ಕಡೆಗೆ ತಿರುಗುತ್ತದೆ. ಅವರ ನೆನಪಿನ ಭಂಡಾರವು ಮನೆಮನೆಗೂ ತಲುಪಬೇಕೆಂಬ ಅಪೇಕ್ಷೆಯಿಂದ ಈ ಲೇಖನವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಶಬ್ದವೆಂಬ ಗೋಡೆ

ದೂರದ ಹೊಲದಲ್ಲಿ ಒಬ್ಬನು ಗೂಟಕ್ಕೆ ಸುತ್ತಿಗೆ ಬಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಸುತ್ತಿಗೆ ಕೆಳಗಿಳಿದದ್ದು ಮೊದಲು ಕಾಣುತ್ತದೆ. ಅದರ ಸದ್ದು ಅನಂತರ ಕಿವಿಗೆ ಬೀಳುತ್ತದೆ. ಶಬ್ದಕ್ಕೂ ದಾರಿ ನಡೆಯಲು ಸಮಯ ಬೇಕು. ನೆಲದ ಮಟ್ಟದಲ್ಲಿ ಅದರ ವೇಗ ಗಂಟೆಗೆ ಸುಮಾರು 1,225 ಕಿಲೋಮೀಟರ್. ಮೇಲೇರಿದಂತೆ ಗಾಳಿ ತಣ್ಣಗಾಗುವುದರಿಂದ ಆ ವೇಗ ತುಸು ಕಡಿಮೆಯಾಗುತ್ತದೆ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ವಿಮಾನಗಳು ಈ ವೇಗವನ್ನು ಸಮೀಪಿಸಿದಾಗ ವಿಚಿತ್ರ ಸಂಕಟಗಳು ಎದುರಾದವು. ವಿಮಾನದ ಮುಂದಿರುವ ಗಾಳಿಗೆ ಸರಿದು ದಾರಿಬಿಡಲು ಅವಕಾಶವಿರದೆ ಅದು ಒತ್ತೊತ್ತಾಗಿ ಸೇರುತ್ತಿತ್ತು, ರೆಕ್ಕೆಗಳು ನಡುಗುತ್ತಿದ್ದವು, ಚುಕ್ಕಾಣಿ ಮಾತು ಕೇಳುತ್ತಿರಲಿಲ್ಲ. ಶಬ್ದದ ವೇಗವೇ ಒಂದು ಗೋಡೆ, ಅದನ್ನು ದಾಟಲಾಗದು ಎಂಬ ಮಾತು ಆಗ ಹಬ್ಬಿತು.

ಆ ಮಾತನ್ನು ಸುಳ್ಳಾಗಿಸಿದ್ದು ಅಮೆರಿಕೆಯ ಬೆಲ್ ಎಕ್ಸ್-1 ಎಂಬ ಪುಟ್ಟ ರಾಕೆಟ್ ವಿಮಾನ. ಬಂದೂಕಿನ ಗುಂಡು ಶಬ್ದಕ್ಕಿಂತ ವೇಗವಾಗಿ ಹೋದರೂ ಅಲುಗಾಡುವುದಿಲ್ಲವೆಂಬುದನ್ನು ಗಮನಿಸಿ ಅದರ ಒಡಲನ್ನು ಗುಂಡಿನ ಆಕಾರದಲ್ಲಿಯೇ ರೂಪಿಸಿದ್ದರು. ದೊಡ್ಡ ಬಾಂಬರ್ ವಿಮಾನದ ಹೊಟ್ಟೆಯಲ್ಲಿ ಅದನ್ನು ಮೇಲಕ್ಕೆ ಒಯ್ದು ಬಿಡಲಾಗುತ್ತಿತ್ತು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಎಂಬ ಚಾಲಕನು ಅದರಲ್ಲಿ ಶಬ್ದದ ವೇಗದ 1.06 ಪಟ್ಟು ವೇಗವನ್ನು ಮುಟ್ಟಿದನು. ನಮ್ಮ ಬೀದರ ಭಾಗವು ಆಗ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ವಿಮೋಚನೆಗೆ 11 ತಿಂಗಳು ಬಾಕಿಯಿದ್ದವು ಎಂದು ನೆನೆದರೆ ಕಾಲದ ಅಳತೆ ಮನಸ್ಸಿಗೆ ಹತ್ತುತ್ತದೆ.

ಈ ಹಾರಾಟದ ಒಂದು ಪ್ರಸಂಗವನ್ನು ನಮ್ಮ ಆಸಕ್ತರು ಎಂದಿಗೂ ಬಿಡದೆ ಹೇಳುತ್ತಾರೆ. ಅದಕ್ಕೆ ಎರಡು ದಿನ ಮೊದಲು ಯೇಗರನು ಕುದುರೆಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದನು. ನೋವಿನಿಂದ ವಿಮಾನದ ಬಾಗಿಲನ್ನು ಎಳೆದು ಭದ್ರಪಡಿಸಲು ಆತನಿಗೆ ಆಗುವಂತಿರಲಿಲ್ಲ. ಗೆಳೆಯನಾದ ಎಂಜಿನಿಯರ್ ಜಾಕ್ ರಿಡ್ಲಿಯು ಕಸಬರಿಗೆಯ ಹಿಡಿಯೊಂದನ್ನು ಕತ್ತರಿಸಿಕೊಟ್ಟನು. ಆ ಕೋಲನ್ನು ಮೀಟುಗೋಲಿನಂತೆ ಬಳಸಿ ಬಾಗಿಲು ಮುಚ್ಚಿಕೊಂಡು ಯೇಗರನು ಹೊರಟನು. ಕೋಟ್ಯಂತರ ಹಣ ವೆಚ್ಚಮಾಡಿದ ಯಂತ್ರಕ್ಕೂ ಒಂದು ಗಳಿಗೆಯಲ್ಲಿ ಮನೆಯ ಕಸಬರಿಗೆಯ ಕೋಲು ಬೇಕಾಯಿತು ಎಂಬುದು ಮಕ್ಕಳಿಗೆ ಬಹಳ ಹಿಡಿಸುವ ಸಂಗತಿ.

ಎಕ್ಸ್-15: ಒಂದೂವರೆ ನಿಮಿಷದ ಉರಿ

ರಾಕೆಟ್ ವಿಮಾನಕ್ಕೂ ನಾವು ದಿನವೂ ಕಾಣುವ ಜೆಟ್ ವಿಮಾನಕ್ಕೂ ಇರುವ ಭೇದವನ್ನು ಒಲೆಯ ಉದಾಹರಣೆಯಿಂದ ತಿಳಿಯಬಹುದು. ಒಲೆ ಉರಿಯಲು ಹೊರಗಿನ ಗಾಳಿ ಬೇಕು. ಅದಕ್ಕಾಗಿಯೇ ತಾಯಂದಿರು ಊದುಗೊಳವೆ ಹಿಡಿಯುತ್ತಿದ್ದರು. ಜೆಟ್ ಎಂಜಿನ್ನೂ ಹಾಗೆಯೇ ಹೊರಗಿನ ಗಾಳಿಯನ್ನು ಸೆಳೆದುಕೊಂಡು ಇಂಧನವನ್ನು ಉರಿಸುತ್ತದೆ. ರಾಕೆಟ್ಟಿಗೆ ಹೊರಗಿನ ಗಾಳಿಯ ಹಂಗಿಲ್ಲ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಡನೆಯೇ ಹೊತ್ತೊಯ್ಯುತ್ತದೆ. ಆದ್ದರಿಂದ ಗಾಳಿ ಇಲ್ಲದ ಎತ್ತರದಲ್ಲಿಯೂ ಅದು ಉರಿಯಬಲ್ಲದು. ಆದರೆ ಹೊತ್ತ ಬುತ್ತಿ ಬೇಗ ಮುಗಿಯುತ್ತದೆ.

ಈ ಜಾತಿಯ ವಿಮಾನಗಳಲ್ಲಿ ಶಿಖರಪ್ರಾಯವಾದುದು ಎಕ್ಸ್-15. ಮೂರೇ ವಿಮಾನಗಳು ನಿರ್ಮಾಣವಾದವು. 1959ರಿಂದ 1968ರವರೆಗೆ 12 ಜನ ಚಾಲಕರು ಒಟ್ಟು 199 ಬಾರಿ ಅವುಗಳಲ್ಲಿ ಹಾರಿದರು. ಬಿ-52 ಬಾಂಬರಿನ ರೆಕ್ಕೆಯ ಕೆಳಗೆ ತೂಗಿಕೊಂಡು ಮೇಲೇರಿ, ಅಲ್ಲಿಂದ ಕಳಚಿಕೊಂಡು, ಅಮೋನಿಯಾ ಮತ್ತು ದ್ರವ ಆಮ್ಲಜನಕಗಳನ್ನು ಸಾಮಾನ್ಯವಾಗಿ ಒಂದೂವರೆ ನಿಮಿಷದೊಳಗೆ ಉರಿಸಿ ಮುಗಿಸಿ, ಉಳಿದ ದಾರಿಯನ್ನೆಲ್ಲ ಎಂಜಿನ್ ಇಲ್ಲದೆ ಹದ್ದಿನಂತೆ ತೇಲಿ, ಒಣಗಿದ ಕೆರೆಯಂಗಳದ ಮೇಲೆ ಗಂಟೆಗೆ ಸುಮಾರು 320 ಕಿಲೋಮೀಟರ್ ವೇಗದಲ್ಲಿ ಇಳಿಯಬೇಕಿತ್ತು. ಇಳಿಯುವಾಗ ತಪ್ಪಿದರೆ ಮತ್ತೊಮ್ಮೆ ಪ್ರಯತ್ನಿಸುವ ಅವಕಾಶವೇ ಇರಲಿಲ್ಲ.

1963ರ ಆಗಸ್ಟ್ 22ರಂದು ಜೋ ವಾಕರ್ ಇದರಲ್ಲಿ ಸುಮಾರು 108 ಕಿಲೋಮೀಟರ್ ಎತ್ತರಕ್ಕೇರಿದನು. 1967ರ ಅಕ್ಟೋಬರ್ 3ರಂದು ಪೀಟ್ ನೈಟ್ ಗಂಟೆಗೆ 7,274 ಕಿಲೋಮೀಟರ್ ವೇಗವನ್ನು ಮುಟ್ಟಿದನು. ಅದು ಶಬ್ದದ ವೇಗದ 6.7 ಪಟ್ಟು. ಔರಾದಿನಿಂದ ಬೀದರಿಗೆ ಸುಮಾರು 40 ಕಿಲೋಮೀಟರ್ ದಾರಿ. ಬಸ್ಸು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಆ ವೇಗದಲ್ಲಿ ಹೊರಟರೆ 20 ಸೆಕೆಂಡು ಸಾಕು. ಮುಂದೆ ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗನು ಎಕ್ಸ್-15ರಲ್ಲಿ ಏಳು ಬಾರಿ ಹಾರಿದವನೆಂಬುದನ್ನೂ ಇಲ್ಲಿ ಸ್ಮರಿಸಬೇಕು.

ಅಂಥ ವೇಗದಲ್ಲಿ ಗಾಳಿಯ ಉಜ್ಜುವಿಕೆ ಮತ್ತು ಒತ್ತಡದಿಂದ ಹುಟ್ಟುವ ಬಿಸಿಯೇ ದೊಡ್ಡ ಶತ್ರು. ಬಿದರಿ ಕಲೆಯ ನಾಡಿನವರಾದ ನಮಗೆ ಲೋಹದ ಹದ ಹೊಸದಲ್ಲ. ಬಿದರಿಯ ಪಾತ್ರೆಗೆ ಮುಖ್ಯವಾದ ಸತುವು 419 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿ ನೀರಾಗುತ್ತದೆ. ಎಕ್ಸ್-15ರ ಹೊದಿಕೆಯಾದರೋ 650 ಡಿಗ್ರಿಯ ಬಿಸಿಯನ್ನು ತಾಳುವಂತೆ ನಿಕ್ಕಲ್ಲಿನ ಮಿಶ್ರಲೋಹದಿಂದ ಸಿದ್ಧವಾಗಿತ್ತು. ಹಾಗಿದ್ದರೂ ಪೀಟ್ ನೈಟನ ಆ ಹಾರಾಟದಲ್ಲಿ ಹೊಟ್ಟೆಯ ಕೆಳಗಿನ ರೆಕ್ಕೆಯಲ್ಲಿ ಬಿಸಿಯಿಂದ ತೂತುಗಳಾದವು. ದಾಖಲೆ ಬರೆದ ಆ ವಿಮಾನವು ಮತ್ತೆ ಹಾರಲಿಲ್ಲ.

ಇನ್ನೊಂದು ತಿಂಗಳು ಕಳೆದು, 1967ರ ನವೆಂಬರ್ 15ರಂದು, ಮೈಕೆಲ್ ಆಡಮ್ಸ್ ಹಾರುತ್ತಿದ್ದ ಎಕ್ಸ್-15 ಹಿಡಿತ ತಪ್ಪಿ ಗಾಳಿಯಲ್ಲಿಯೇ ಚೂರುಚೂರಾಯಿತು, ಆತನು ಅಸುನೀಗಿದನು. ವೇಗದ ಕಥೆ ಹೇಳುವವರು ಈ ಹೆಸರನ್ನು ಬಿಡಬಾರದು.

ಬೆಂಗಳೂರಿನ ಮಾರುತ

ಇವೆಲ್ಲ ಸಾಗರದಾಚೆಯ ಸಾಹಸಗಳು, ನಮಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಆ ಕಾಲದಲ್ಲಿಯೇ ನಮ್ಮ ಕರ್ನಾಟಕದ ನೆಲದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರಬೇಕೆಂಬ ಹಂಬಲದಿಂದ ಒಂದು ವಿಮಾನ ರೂಪುಗೊಂಡಿತ್ತೆಂಬುದು ನಮ್ಮ ಅನೇಕ ಮನೆಗಳಿಗೆ ತಿಳಿಯದು. ಅದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಎಚ್‌ಎಫ್-24, ಎಂದರೆ ‘ಮಾರುತ್’. ಇದು ರಾಕೆಟ್ ವಿಮಾನವಲ್ಲ, ಎರಡು ಜೆಟ್ ಎಂಜಿನ್ನುಗಳ ಯುದ್ಧವಿಮಾನ. ಆದರೆ ಪರೀಕ್ಷಾ ಹಾರಾಟದ ಕಷ್ಟಸುಖಗಳು ಎರಡಕ್ಕೂ ಒಂದೇ.

ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ಆಗಿರದ ದೇಶದಲ್ಲಿ ಶಬ್ದದ ವೇಗದ ಎರಡು ಪಟ್ಟನ್ನು ಮುಟ್ಟಬಲ್ಲ ವಿಮಾನದ ನಕ್ಷೆ ಸಿದ್ಧವಾಗತೊಡಗಿತು. ಮೊದಲಿಗೆ ಅದೇ ಆಕಾರ, ಅದೇ ಅಳತೆಯ, ಎಂಜಿನ್ ಇಲ್ಲದ ಮರದ ವಿಮಾನವೊಂದನ್ನು ಕಟ್ಟಿದರು. 1959ರಲ್ಲಿ ಡಕೋಟಾ ವಿಮಾನವು ಅದನ್ನು ಹಗ್ಗದಿಂದ ಎಳೆದೊಯ್ದು ಮೇಲೆ ಬಿಡುತ್ತಿತ್ತು; ಚಾಲಕರು ತೇಲಿಸಿ ಇಳಿಸುತ್ತಿದ್ದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ಮಾರುತ್ ವಿಮಾನವನ್ನು ಮೊದಲ ಬಾರಿ ಹಾರಿಸಿದರು.

ಆದರೆ ಬಯಸಿದ ಎಂಜಿನ್ ದೊರೆಯಲಿಲ್ಲ. ವಿನ್ಯಾಸಕಾರರು ಲೆಕ್ಕ ಹಾಕಿದ್ದು ಬ್ರಿಟನ್ನಿನ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ನಿನ ಮೇಲೆ. ಅದನ್ನು ಸಿದ್ಧಪಡಿಸುವ ವೆಚ್ಚದ ವಿಷಯದಲ್ಲಿ ಒಪ್ಪಂದವಾಗದೆ, ಸುಮಾರು 2,200 ಕಿಲೋಗ್ರಾಂ ಒತ್ತುಬಲದ ಆರ್ಫಿಯಸ್ 703 ಎಂಜಿನ್ನುಗಳಿಗೇ ತೃಪ್ತಿಪಡಬೇಕಾಯಿತು. ಈಜಿಪ್ಟಿನೊಡನೆ ಕೂಡಿ ಅಲ್ಲಿ ಸಿದ್ಧವಾಗುತ್ತಿದ್ದ ಎಂಜಿನ್ನನ್ನು ಪಡೆಯುವ ಪ್ರಯತ್ನವೂ ನಡೆಯಿತು. ನಮ್ಮ ವಾಯುಸೇನೆಯ ಪರೀಕ್ಷಾ ಚಾಲಕ ಕಪಿಲ್ ಭಾರ್ಗವ ಅವರು ಈಜಿಪ್ಟಿನ ಎಚ್‌ಎ-300 ವಿಮಾನವನ್ನು 1964ರ ಮಾರ್ಚ್ 7ರಂದು ಮೊದಲ ಬಾರಿ ಹಾರಿಸಿದರು. ಆ ಯೋಜನೆಯೂ 1969ರಲ್ಲಿ ನಿಂತುಹೋಯಿತು. ಹೀಗೆ ಎರಡು ಪಟ್ಟಿನ ಕನಸು ಹೊತ್ತ ಮಾರುತ್ ಶಬ್ದದ ವೇಗದ ಆಸುಪಾಸಿನಲ್ಲಿಯೇ ಉಳಿಯಿತು.

ಬಲ ಹೆಚ್ಚಿಸುವ ಪ್ರಯತ್ನವನ್ನು ನಮ್ಮವರು ಕೈಬಿಡಲಿಲ್ಲ. ಇದ್ದ ಎಂಜಿನ್ನಿಗೆ ಮರುದಹನದ ವ್ಯವಸ್ಥೆ ಜೋಡಿಸಿದ ಮಾದರಿಯನ್ನು ಪರೀಕ್ಷಿಸುತ್ತಿರುವಾಗ, 1970ರ ಜನವರಿ 10ರಂದು ಬೆಂಗಳೂರಿನಲ್ಲಿ ವಿಮಾನ ನೆಲಕ್ಕುರುಳಿ ಸುರಂಜನ್ ದಾಸ್ ಅವರು ತೀರಿಕೊಂಡರು. ಎಚ್‌ಎಎಲ್ ಪರಿಸರದಲ್ಲಿ ಅವರ ಹೆಸರಿನ ರಸ್ತೆಯೊಂದಿದೆ. ಉದ್ಯೋಗ ಅರಸಿ ಬೆಂಗಳೂರಿಗೆ ಹೋದ ನಮ್ಮ ಜಿಲ್ಲೆಯ ತರುಣರು ದಿನವೂ ಆ ರಸ್ತೆಯಲ್ಲಿ ಓಡಾಡುತ್ತಾರೆ. ಆ ಹೆಸರು ಯಾರದೆಂದು ಅವರಿಗೆ ತಿಳಿದಿದ್ದರೆ ಎಷ್ಟು ಚೆನ್ನ!

ಮಾರುತ್ ಸೋತ ವಿಮಾನವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಕೆಳಮಟ್ಟದಲ್ಲಿ ಹಾರಿ ಹೋರಾಡಿದವು. ಗುಂಡೇಟಿನಿಂದ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಚಾಲಕರನ್ನು ಕ್ಷೇಮವಾಗಿ ಮರಳಿ ತಂದ ನಿದರ್ಶನಗಳುಂಟು. ವೇಗದಲ್ಲಿ ಕೊರತೆಯಾದದ್ದು ನಿಜ. ಒಡಲಿನ ಗಟ್ಟಿತನದಲ್ಲಿ ಕೊರತೆ ಇರಲಿಲ್ಲ.

ಬೀದರಿನಲ್ಲಿ ಕೇಳಿದ ದನಿ

ಈ ಕಥೆಗೂ ಬೀದರಿಗೂ ಒಂದು ಕೊಂಡಿಯಿದೆ. 1996ರಲ್ಲಿ ರೂಪುಗೊಂಡ ವಾಯುಸೇನೆಯ ಸೂರ್ಯಕಿರಣ್ ತಂಡಕ್ಕೆ ಬೀದರವೇ ನೆಲೆಯಾಯಿತು. 2011ರವರೆಗೆ ಆ ತಂಡ ಹಾರಿಸಿದ್ದು ಬೆಂಗಳೂರಿನಲ್ಲಿಯೇ ತಯಾರಾದ ಕಿರಣ್ ಮಾರ್ಕ್-2 ವಿಮಾನಗಳನ್ನು. ಅವುಗಳ ಒಡಲಿನಲ್ಲಿದ್ದದ್ದು ಆರ್ಫಿಯಸ್ ಮನೆತನದ ಎಂಜಿನ್. ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ಹಚ್ಚಿದಂತೆ ನಮ್ಮ ಊರುಗಳ ಮೇಲೆ ಸಾಗುತ್ತಿದ್ದಾಗ ನಾವು ಕೇಳಿದ ದನಿಯು ಮಾರುತ್ ವಿಮಾನದ ದನಿಗೆ ಒಡಹುಟ್ಟಿದ್ದು. ಆ ತಂಡವು ಮುಂದೆ ಹಾಕ್ ವಿಮಾನಗಳೊಡನೆ ಮತ್ತೆ ಆರಂಭವಾಯಿತು. ಹಾಕ್ ವಿಮಾನಗಳನ್ನು ವಾಯುಸೇನೆಗೆ ಸೇರಿಸಿಕೊಂಡ ಸಮಾರಂಭವೂ 2008ರ ಫೆಬ್ರುವರಿಯಲ್ಲಿ ಬೀದರಿನಲ್ಲಿಯೇ ಜರುಗಿತು.

ಸಂತೋಷದ ನೆನಪಿನೊಡನೆ ದುಃಖದ ನೆನಪೂ ಇದೆ. 2006ರ ಮಾರ್ಚ್ ತಿಂಗಳಲ್ಲಿ ಸೂರ್ಯಕಿರಣ್ ತಂಡದ ವಿಮಾನವೊಂದು ಬೀದರಿನಲ್ಲಿ ಅಪಘಾತಕ್ಕೀಡಾಗಿ ಇಬ್ಬರು ಚಾಲಕರು ಮಡಿದರು. ಆಕಾಶದಲ್ಲಿ ಕಾಣುವ ಸೊಗಸಿನ ಹಿಂದೆ ಎಂಥ ಬೆಲೆ ಅಡಗಿದೆ ಎಂಬುದನ್ನು ಅಂದು ಬೀದರ ಜನತೆ ಹತ್ತಿರದಿಂದ ಕಂಡಿತು.

ನಗರದ ಬಾವಿಯಿಂದ ಚಳ್ಳಕೆರೆಯ ಬಯಲಿಗೆ

ಮಾರುತ್ ರಾಕೆಟ್ ವಿಮಾನವಲ್ಲವೆಂದು ಮೇಲೆ ಹೇಳಿದೆವು. ಆದರೆ ರಾಕೆಟ್ ವಿದ್ಯೆಯೂ ಕನ್ನಡ ನಾಡಿಗೆ ಹೊರಗಿನದಲ್ಲ. ವೀರಶೈವ ಅರಸರಾದ ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರು 1763ರಲ್ಲಿ ಹೈದರಾಲಿಯ ವಶವಾಯಿತು. ಇಂದು ನಗರ ಎಂದು ಕರೆಯಲಾಗುವ ಆ ಊರಿನ ಪಾಳುಬಾವಿಯೊಂದರಲ್ಲಿ 2018ರ ಜುಲೈ ತಿಂಗಳಲ್ಲಿ ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ಯುದ್ಧ ರಾಕೆಟ್ಟುಗಳು ದೊರೆತವು. ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಿವು. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಒತ್ತಡ ಹೆಚ್ಚಾಗಿ ಅವು ದೂರಕ್ಕೆ ಹಾರುತ್ತಿದ್ದವು. ಇವುಗಳಿಂದ ಪೆಟ್ಟು ತಿಂದ ಇಂಗ್ಲಿಷರು ಇವುಗಳನ್ನೇ ನೋಡಿ ತಮ್ಮ ರಾಕೆಟ್ಟುಗಳನ್ನು ರೂಪಿಸಿಕೊಂಡರು.

ಆ ನಾಡಿನಲ್ಲಿಯೇ ಇಂದು ರಾಕೆಟ್ ವಿಮಾನದ ಪ್ರಯೋಗ ಸಾಗಿದೆ. ಬಾಹ್ಯಾಕಾಶಕ್ಕೆ ಹೋಗಿ ವಿಮಾನದಂತೆ ಮರಳಿ ಇಳಿಯುವ, ಮತ್ತೆ ಮತ್ತೆ ಬಳಸಬಹುದಾದ ವಾಹನವೊಂದನ್ನು ಇಸ್ರೋ ಸಂಸ್ಥೆ ಸಿದ್ಧಪಡಿಸುತ್ತಿದೆ. 2016ರ ಮೇ 23ರಂದು ಶ್ರೀಹರಿಕೋಟಾದಿಂದ ರಾಕೆಟ್ಟಿನ ತುದಿಯಲ್ಲಿ ಅದರ ಮೊದಲ ಮಾದರಿಯನ್ನು ಹಾರಿಸಲಾಯಿತು. ಸುಮಾರು 65 ಕಿಲೋಮೀಟರ್ ಎತ್ತರಕ್ಕೇರಿದ ಅದು ಶಬ್ದದ ವೇಗದ ಐದು ಪಟ್ಟು ವೇಗದಲ್ಲಿ ವಾತಾವರಣಕ್ಕೆ ಮರಳಿ, ಬಂಗಾಳ ಕೊಲ್ಲಿಯ ಕಡೆಗೆ ತೇಲಿ ಇಳಿಯಿತು.

ಇಳಿಯುವ ವಿದ್ಯೆಯನ್ನು ಪರೀಕ್ಷಿಸಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ. 2023ರ ಏಪ್ರಿಲ್ 2, 2024ರ ಮಾರ್ಚ್ 22 ಹಾಗೂ ಜೂನ್ 23ರಂದು, ಹೀಗೆ ಮೂರು ಬಾರಿ, ಹೆಲಿಕಾಪ್ಟರು ಈ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಚಾಲಕನಿಲ್ಲ, ಎಂಜಿನ್ನಿನ ಬಲವಿಲ್ಲ. ತನ್ನ ದಾರಿಯನ್ನು ತಾನೇ ತಿದ್ದಿಕೊಂಡು ಅದು ಓಡುದಾರಿಯ ಮೇಲೆ ಇಳಿಯಿತು. ಮೂರನೆಯ ಬಾರಿ ಬೇಕೆಂದೇ 500 ಮೀಟರ್ ಪಕ್ಕಕ್ಕೆ ಬಿಟ್ಟು ಪರೀಕ್ಷಿಸಿದರು. ಇಳಿದ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಮಿಗಿಲು. ಎಕ್ಸ್-15 ಇಳಿಯುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ವೇಗದಲ್ಲಿ. ಈ ವಾಹನಕ್ಕೆ ‘ಪುಷ್ಪಕ’ ಎಂದು ಹೆಸರಿಟ್ಟಿದ್ದಾರೆ.

ಮುಚ್ಚಿಡದ ಕಾಯಕ

ಈ ನೆನಪುಗಳನ್ನೆಲ್ಲ ಕೇಳಿದಾಗ ನಮ್ಮ ಮನಸ್ಸಿನಲ್ಲಿ ನಿಂತದ್ದು ವೇಗಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಸಾವಧಾನ. ಒಂದೂವರೆ ನಿಮಿಷ ಉರಿಯುವ ಎಂಜಿನ್ನಿಗಾಗಿ ತಿಂಗಳುಗಟ್ಟಲೆ ದುಡಿದ ಕೈಗಳು ಎಷ್ಟೋ! ಆ ಕೈಗಳ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಒಂದು ತಿರುಪನ್ನು ಸರಿಯಾಗಿ ಬಿಗಿಯುವವನ ಶ್ರದ್ಧೆಯ ಮೇಲೆ ಮೇಲಿರುವವನ ಪ್ರಾಣ ನಿಂತಿದೆ ಎಂದು ಬೀದರಿನ ನಿವೃತ್ತ ಹಿರಿಯರು ಹೇಳುವಾಗ, ಶರಣರು ಬೋಧಿಸಿದ ಕಾಯಕದ ಅರ್ಥ ಇನ್ನೊಂದು ಬಗೆಯಲ್ಲಿ ನಮಗೆ ಹೊಳೆಯಿತು. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ. ಚಾಲಕನೂ ತಿರುಪು ಬಿಗಿಯುವವನೂ ಸಮಾನರು.

ಎರಡನೆಯದು, ಸತ್ಯವನ್ನು ಹೇಳುವ ಧೈರ್ಯ. ಪ್ರತಿಯೊಂದು ಪರೀಕ್ಷಾ ಹಾರಾಟ ಮುಗಿದ ಮೇಲೆ ಚಾಲಕನೂ ಎಂಜಿನಿಯರುಗಳೂ ಒಂದೆಡೆ ಕುಳಿತು, ಆದ ಲೋಪವನ್ನು ಮರೆಮಾಚದೆ ಹೇಳಿಕೊಳ್ಳುವುದು ಈ ವೃತ್ತಿಯ ಕಟ್ಟುನಿಟ್ಟಿನ ನಿಯಮ. ಅಧಿಕಾರಿಯ ಮುಖ ನೋಡಿ ಮಾತು ಮುಚ್ಚಿಟ್ಟರೆ ಮುಂದಿನ ಹಾರಾಟದಲ್ಲಿ ಒಂದು ಜೀವ ಹೋಗುತ್ತದೆ. ಹುದ್ದೆ ಅಂತಸ್ತುಗಳನ್ನು ಬದಿಗಿಟ್ಟು ತಮ್ಮ ಅನುಭವವನ್ನು ಒರೆಗೆ ಹಚ್ಚುವ ಪದ್ಧತಿಯು ಬಸವಕಲ್ಯಾಣದ ನೆರೆಯವರಾದ ನಮಗೆ ಅಪರಿಚಿತವಾಗಬಾರದು.

ಇನ್ನು ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ಮಗನೋ ಮಗಳೋ ವಿಮಾನದ ವಿದ್ಯೆ ಕಲಿಯುವೆನೆಂದರೆ ತಾಯಿಯ ಕರುಳು ಹಿಂಜರಿಯುತ್ತದೆ. ಮೇಲೆ ಹೇಳಿದ ಸಾವುನೋವುಗಳನ್ನು ಓದಿದ ಮೇಲೆ ಆ ಅಂಜಿಕೆ ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಈ ಕ್ಷೇತ್ರದಲ್ಲಿ ಚಾಲಕನ ಆಸನವೊಂದೇ ಇಲ್ಲ. ಲೋಹ, ಲೆಕ್ಕ, ನಕ್ಷೆ, ಹವಾಮಾನ, ದುರಸ್ತಿ ಹೀಗೆ ನೂರಾರು ಕಾಯಕಗಳು ಅಲ್ಲಿ ಕಾದಿವೆ. ಅಂಜಿಕೆ ಇರಲಿ, ಆದರೆ ‘ಇದು ನಮ್ಮಂಥವರಿಗಲ್ಲ’ ಎಂಬ ಮಾತು ಮಾತ್ರ ನಮ್ಮ ಮನೆಗಳಲ್ಲಿ ಬೇಡ. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚೆನ್ನಬಸವ ಪಟ್ಟದ್ದೇವರು ಕಾಲ ಪ್ರತಿಕೂಲವೆಂದು ಕೈಕಟ್ಟಿ ಕುಳಿತವರಲ್ಲ. ಅವರು ಹಚ್ಚಿದ ಅಕ್ಷರದ ದೀಪದಲ್ಲಿ ಬೆಳೆದ ನಾಡಿದು.

ಆದ್ದರಿಂದ ನಮ್ಮ ವಿನಂತಿ ಇಷ್ಟೆ. ವಾಯುಸೇನೆಯಲ್ಲಿ, ಎಚ್‌ಎಎಲ್ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಬಂಧುಬಳಗದಲ್ಲಿದ್ದರೆ ಅವರ ನೆನಪುಗಳನ್ನು ಮಕ್ಕಳ ಕೈಯಿಂದ ಬರೆಯಿಸಿರಿ. ಅವರು ಕಂಡ ಸೋಲನ್ನೂ ಗೆಲುವನ್ನೂ ಒಂದೇ ವಹಿಯಲ್ಲಿ ಬರೆಯಿಸಿರಿ. ಬೆಂಗಳೂರಿಗೆ ಹೋದಾಗ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಾಗಲಿ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಾಗಲಿ ಇರುವ ಮಾರುತ್ ವಿಮಾನವನ್ನು ಮಕ್ಕಳಿಗೆ ತೋರಿಸಿರಿ. ಅದು ಮುಟ್ಟಲಾರದೆ ಹೋದ ವೇಗವನ್ನೂ, ಅದಕ್ಕಾಗಿ ಪ್ರಾಣವಿತ್ತ ಸುರಂಜನ್ ದಾಸ್ ಅವರ ಹೆಸರನ್ನೂ ಹೇಳಿರಿ. ನಾಳೆ ಬೀದರಿನ ಆಗಸದಲ್ಲಿ ಸದ್ದು ಕೇಳಿ ಅಂಗಳಕ್ಕೆ ಓಡುವ ಮಗುವು ‘ಅದು ಹೇಗೆ ಹಾರುತ್ತದೆ’ ಎಂದು ಕೇಳಿದರೆ, ಉತ್ತರ ಹೇಳಬಲ್ಲವರು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಇರಲಿ ಎಂಬುದು ನಮ್ಮ ಹಾರೈಕೆ.